ಅಂಬಪ್ಪ ತೊಳೆದ ಸಂಪು

ಎಕ್ಕಿಹಾಳದ ನೀರಗಂಟಿ ಅಂಬಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಒಬ್ಬಳು ಅಂಬಿಕಾ, ಮಸ್ಕಿಗೆ ಕೊಟ್ಟವಳು. ಇನ್ನೊಬ್ಬಳು ಊರ ಹೊರಗಿನ ನೀರಿನ ಸಂಪು. ಇಬ್ಬರಲ್ಲಿ ಯಾರ ಮೇಲೆ ಅವನಿಗೆ ಜೀವ ಹೆಚ್ಚು ಎಂದು ಕೇಳಿದರೆ ಹೆಂಡತಿ ಪಾರ್ವತೆಮ್ಮ ನಗುತ್ತಿದ್ದಳು. ಅಂಬಿಕಾಗೆ ಎರೆದು ಬೆಳೆಸಿದವಳು ತಾನು, ಸಂಪಿಗೆ ಮಾತ್ರ ಅವರೇ ಎರೆದದ್ದು ಎಂದು ಹೇಳಿ ಒಳಗೆ ಹೋಗುತ್ತಿದ್ದಳು.

ಕಾಲುವೆಯ ನೀರು ಮೊದಲು ಕೆರೆಗೆ ಬರುತ್ತದೆ, ಕೆರೆಯಿಂದ ಫಿಲ್ಟರ್ ಮನೆಗೆ, ಅಲ್ಲಿ ತಿಳಿಯಾಗಿ ಈ ಸಂಪಿಗೆ. ಸಂಪಿನಿಂದ ಮೋಟಾರು ಅದನ್ನು ಎತ್ತರದ ಟಾಕಿಗೆ ಏರಿಸುತ್ತದೆ, ಟಾಕಿಯಿಂದ ಮನೆಮನೆಯ ನಳಕ್ಕೆ. ಎಕ್ಕಿಹಾಳದ ಮುನ್ನೂರು ಮನೆಗಳು ಕುಡಿಯುವ ಒಂದೊಂದು ಗುಟುಕೂ ಅಂಬಪ್ಪನ ಸಂಪಿನಲ್ಲಿ ಒಂದು ಹೊತ್ತು ತಂಗಿಯೇ ಬರಬೇಕು. ಸಂಪು ಕಾಂಕ್ರೀಟಿನದು, ಆರಡಿ ನೆಲದೊಳಗೆ, ನಾಲ್ಕಡಿ ಮೇಲೆ. ಮೇಲ್ಗಡೆ ಒಂದು ಕಬ್ಬಿಣದ ಮುಚ್ಚಳ, ಒಳಗಿಳಿಯಲು ಏಣಿ. ಸುತ್ತ ಮೂರು ಕಡೆ ಭತ್ತದ ಗದ್ದೆ. ಅದರಲ್ಲಿ ಹತ್ತಿರದ್ದು ಪಂಚಾಯ್ತಿ ಅಧ್ಯಕ್ಷ ಗಂಗಾಧರನದು. ಊರ ಚರಂಡಿ ಹರಿದುಹೋಗಿ ಸೇರುವುದು ಆ ಗದ್ದೆಗೇ. ಚರಂಡಿಗೆ ಹಾದಿಯಾಯಿತು, ಪೈರಿಗೆ ಗೊಬ್ಬರವಾಯಿತು ಎಂದುಕೊಂಡು ಯಾರೂ ತಕರಾರು ಎತ್ತಿರಲಿಲ್ಲ.

ಬೇರೆ ಊರಿನ ನೀರಗಂಟಿಗಳು ವರ್ಷಕ್ಕೊಮ್ಮೆ ಸಂಪು ತೊಳೆದರೆ ಅದೇ ಹೆಚ್ಚು. ಅಂಬಪ್ಪ ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ತಪ್ಪದೆ ತೊಳೆಯುತ್ತಿದ್ದ. ಆ ಕಡೆ ಅಮಾವಾಸ್ಯೆಯೆಂದರೆ ಬೈಕು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ ಎಲ್ಲವನ್ನೂ ತೊಳೆದು ಕಾಯಿ ಒಡೆಯುವ ದಿನ. ಜನ ತಮ್ಮ ತಮ್ಮ ಗಾಡಿ ತೊಳೆಯುವಾಗ ತನ್ನ ಸಂಪು ಮಾತ್ರ ಯಾಕೆ ಹಾಗೇ ಇರಬೇಕು ಎಂಬುದು ಅವನ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಖಾಲಿ ಮಾಡಿ, ಒಳಗಿಳಿದು, ಬ್ಲೀಚಿಂಗ್ ಪುಡಿ ಉಗ್ಗಿ, ತೆಂಗಿನ ನಾರಿನ ಬ್ರಷ್ಷಿನಿಂದ ಗೋಡೆ ನೆಲ ತಿಕ್ಕುತ್ತಿದ್ದ. ಆಮೇಲೆ ಮುಚ್ಚಳ ತೆಗೆದಿಟ್ಟು ಮರುದಿನ ಬೆಳಗಿನವರೆಗೆ ಒಣಗಲು ಬಿಡುತ್ತಿದ್ದ. ಬೆಳಿಗ್ಗೆ ಕಾಯಿ ಒಡೆದು ವಾಲ್ವ್ ತಿರುಗಿಸುತ್ತಿದ್ದ. ಆ ಮೊದಲ ನೀರಿಗೆ ಮಾತ್ರ ಕ್ಲೋರಿನ್ ಔಷಧಿ ಹಾಕುತ್ತಿರಲಿಲ್ಲ. ಇಷ್ಟು ತೊಳೆದ ಮೇಲೆ ಮತ್ತೆ ಔಷಧಿಯ ವಾಸನೆ ಯಾಕೆ, ಒಂದು ದಿನವಾದರೂ ಜನ ನೀರನ್ನು ನೀರಿನ ಹಾಗೆ ಕುಡಿಯಲಿ ಎನ್ನುತ್ತಿದ್ದ. ಹೆಂಗಸರು ಆ ದಿನದ ನೀರನ್ನು ಮೆಚ್ಚಿಕೊಂಡು ಕುಡಿಯಲೆಂದು ಎರಡು ಕೊಡ ಹೆಚ್ಚೇ ಹಿಡಿದಿಡುತ್ತಿದ್ದರು.

ಸಂಪಿನಲ್ಲಿ ಅವನಿಗೆ ಸರಿಬರದ ವಸ್ತು ಒಂದೇ ಇತ್ತು. ಗೋಡೆಯೂ ನೆಲವೂ ಕೂಡುವ ಮೂಲೆಯುದ್ದಕ್ಕೂ, ಮತ್ತೆ ಗೋಡೆಗಳ ನಡುವೆ ಮೇಲಿನಿಂದ ಕೆಳಕ್ಕೆ ಬಿಟ್ಟ ಸಂದಿಗಳಲ್ಲೂ ಏನೋ ಕರ್ರಗೆ ಮೆತ್ತಿಕೊಂಡಿತ್ತು. ಮೊದಲ ವರ್ಷ ಅದು ಗಟ್ಟಿಯಾಗಿತ್ತು. ಎರಡು ವರ್ಷ ಬ್ಲೀಚಿಂಗ್ ನೀರಲ್ಲಿ ನೆನೆದ ಮೇಲೆ ಮೆತ್ತಗಾಗಿ, ಬೆರಳಿಗೆ ಅಂಟತೊಡಗಿತು. ಮೇಲೆ ಲೋಳೆ ಕಟ್ಟಿತು. ಅದರ ಕರಿ ಚೂರು ನಳದಲ್ಲಿ ಬಂದವೆಂದು ಯಾರೋ ದೂರು ಹೇಳಿದಾಗ ಅಂಬಪ್ಪನಿಗೆ ಮೈ ಉರಿದುಹೋಯಿತು. ಇಷ್ಟು ಚೊಕ್ಕಟವಾದ ಸಂಪಿನಲ್ಲಿ ಈ ಹೊಲಸು ಯಾಕಿರಬೇಕು? ಕಳೆ ತೆಗೆಯುವ ಕುರ್ಪಿ ತಂದು ತಿಂಗಳಿಗಿಷ್ಟು ಎಂದು ಕೆರೆದ. ಈ ವರ್ಷದ ಬೇಸಿಗೆಯಲ್ಲಿ ಕೊನೆಯ ಗೇಣನ್ನೂ ಕೆರೆದು, ಬಕೀಟು ತುಂಬಿಸಿ, ತಿಪ್ಪೆಗೆ ಚೆಲ್ಲಿದ. ಅದೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಲಿಲ್ಲ. ಸಂಪು ಕಟ್ಟಿದವರು ಬೀಗದಕೈ ಕೊಟ್ಟು ಹೋದವರು ಈ ಕಡೆ ತಿರುಗಿ ನೋಡಿರಲಿಲ್ಲ.

ಈ ಸಲದ ಬೆನಕನ ಅಮಾವಾಸ್ಯೆ ಶನಿವಾರ ಬಿತ್ತು. ಕಾಲುವೆಗೆ ನೀರು ಬಿಟ್ಟು ತಿಂಗಳಾಗಿತ್ತು, ನಾಟಿ ಮುಗಿದು ಗದ್ದೆಗಳೆಲ್ಲ ಬದುವಿನ ಮಟ್ಟ ತುಂಬಿ ನಿಂತಿದ್ದವು. ಅಂಬಿಕಾ ಎಂಟು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗಳು ಮನೆಯಲ್ಲಿದ್ದಾಳೆಂದು ಅಂಬಪ್ಪ ಆ ದಿನ ಸಂಪನ್ನು ಎರಡು ಸಲ ತಿಕ್ಕಿದ. ಭಾನುವಾರ ಬೆಳಿಗ್ಗೆ ಇಣುಕಿದರೆ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಹಳೆಯ ವಾಲ್ವ್, ಜಿನುಗಿರಬೇಕು ಎಂದುಕೊಂಡು ಕಾಯಿ ಒಡೆದ.

ಸೋಮವಾರ ಸಂಜೆ ಮೂವರಿಗೆ ವಾಂತಿಭೇದಿ ಶುರುವಾಯಿತು. ಬುಧವಾರ ಚೌತಿಯ ಹೊತ್ತಿಗೆ ಹನ್ನೊಂದು ಮಂದಿ. ಹಬ್ಬದ ಕಡುಬಿನ ಎಣ್ಣೆ ಸರಿಯಿಲ್ಲ ಎಂದರು, ಸಂತೆಯಿಂದ ತಂದ ಬೆಲ್ಲ ಸರಿಯಿಲ್ಲ ಎಂದರು. ಅದೇ ದಿನ ಲಿಂಗಸುಗೂರಿನಿಂದ ನೀರು ಸರಬರಾಜಿನ ಎಂಜಿನಿಯರ್ ಜುಲ್ಫಿಕರ್ ಬಂದು ತುಂಬಿದ ಸಂಪಿನಿಂದ ನೀರು ಹಿಡಿದು ಪರೀಕ್ಷೆ ಮಾಡಿದ. ಅಷ್ಟರಲ್ಲಿ ಅಂಬಪ್ಪ ಎಂದಿನಂತೆ ಔಷಧಿ ಹಾಕತೊಡಗಿ ಎರಡು ದಿನವಾಗಿತ್ತು. ಶೀಶೆಯ ನೀರು ಹಳದಿಗೆ ತಿರುಗಿತು, ಔಷಧಿ ಬರೋಬ್ಬರಿ ಇದೆ, ನೀರಿನದೇನೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದ. ಅಂಬಪ್ಪ ಆ ಮಾತನ್ನು ಕಟ್ಟೆಯಿಂದ ಕಟ್ಟೆಗೆ ಹೊತ್ತು ತಿರುಗಿದ. ಆದರೂ ಜನ ತನ್ನನ್ನು ನೋಡುವ ನೋಟ ಬದಲಾದದ್ದು ಅವನಿಗೆ ಕಂಡಿತು, ಒಳಗೆಲ್ಲೋ ಅಳುಕು ಹುಟ್ಟಿತು. ಅಳುಕಿದಾಗ ಅವನಿಗೆ ಗೊತ್ತಿದ್ದ ಕೆಲಸ ಒಂದೇ. ಗುರುವಾರ ಮತ್ತೆ ಸಂಪು ಖಾಲಿ ಮಾಡಿ ತೊಳೆದ.

ಶುಕ್ರವಾರ ಬೆಳಿಗ್ಗೆ ತುಂಬಿದ, ಎಂದಿನಂತೆ ಔಷಧಿ ಹಾಕದ ಮೊದಲ ನೀರನ್ನು ತಾನೇ ಒಂದು ಹತ್ತು ಲೀಟರಿನ ಕ್ಯಾನಿಗೆ ಹಿಡಿದು ಮಗಳಿಗೆಂದು ಮನೆಗೆ ಒಯ್ದ. ಅಷ್ಟೊತ್ತಿಗೆ ಊರಲ್ಲಿ ನಾಲ್ಕು ಮನೆಯವರು ಸಿಂಧನೂರಿನಿಂದ ಕ್ಯಾನಿನ ನೀರು ತರಿಸತೊಡಗಿದ್ದರು. ಪಾರ್ವತೆಮ್ಮ ನಾವೂ ಹುಡುಗಿಗೆ ಒಂದು ತರಿಸೋಣವೇ ಎಂದದ್ದಕ್ಕೆ ಅಂಬಪ್ಪ ಉರಿದುಬಿದ್ದ. ನೀರಗಂಟಿಯ ಮನೆಗೇ ಹೊರಗಿನ ನೀರು ಬಂದರೆ ಊರು ಏನಂದೀತು? ತನ್ನ ಮನೆಯವರ ಬಾಯಿಗೆ ತನ್ನ ಸಂಪಿನದಲ್ಲದೆ ಬೇರೆ ನೀರು ಹೋಗಕೂಡದು ಎಂದು ಇಬ್ಬರ ಕೈಯಿಂದಲೂ ಆಣೆ ಹಾಕಿಸಿಕೊಂಡ. ಅಂಬಿಕಾ ನಗುತ್ತಲೇ ಅಪ್ಪನ ಅಂಗೈ ಮೇಲೆ ಕೈಯಿಟ್ಟಳು.

ಶನಿವಾರ ಮಧ್ಯಾಹ್ನ ಅವಳಿಗೆ ಹೊಟ್ಟೆ ನುಲಿಯಿತು.

ಸಂಜೆಯೊಳಗೆ ಏಳು ಸಲ ಹೋಗಿ ಬಂದಳು. ಕಣ್ಣು ಗುಳಿಬಿದ್ದವು, ತುಟಿ ಒಣಗಿ ಬಿರಿದವು. ಆಶಾ ಕಾರ್ಯಕರ್ತೆ ನಸ್ರೀನ್ ಓಡಿಬಂದು ಬಸುರಿಯ ಕೈ ಚಿವುಟಿ ನೋಡಿದಳು, ಚಿವುಟಿದ ತೊಗಲು ಹಾಗೇ ನಿಂತಿತು. ಆ ಹೊತ್ತಿಗೆ ಊರಲ್ಲಿ ನಲವತ್ತು ಮಂದಿ ಮಲಗಿದ್ದರು. ಸಾಲೆಯ ಪಡಸಾಲೆಯಲ್ಲಿ ಕಿಟಕಿ ಸರಳಿಗೆ ಸಲಾಯಿನ್ ಬಾಟಲಿ ತೂಗುಬಿಟ್ಟಿದ್ದರು. ಬಸುರಿಯನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ನಸ್ರೀನ್ ಸಿಂಧನೂರಿನ ದವಾಖಾನೆಗೆ ಗಾಡಿ ಮಾಡಿಸಿದಳು. ಪಾರ್ವತೆಮ್ಮ ಮಗಳ ಜೊತೆ ಹತ್ತುವಾಗ ಮಡಿಲಲ್ಲಿ ಆ ಕ್ಯಾನನ್ನೂ ಇಟ್ಟುಕೊಂಡಳು. ಅಳಿಯ ಮಲ್ಲೇಶ ಮಸ್ಕಿಯಿಂದ ನೇರವಾಗಿ ಬಂದು ಕೂಡಿಕೊಳ್ಳುವುದೆಂದಾಯಿತು. ತಾನೂ ಹೋಗುತ್ತೇನೆಂದು ಅಂಬಪ್ಪ ಚಪ್ಪಲಿ ಮೆಟ್ಟಿದ್ದ. ಅಷ್ಟರಲ್ಲಿ ಗಂಗಾಧರ ಬಂದು ತಡೆದ. ತಾಲೂಕಿನಿಂದ ಫೋನು ಬಂದಿದೆ, ನಾಳೆ ಇನ್ನೊಮ್ಮೆ ಸಂಪು ತೊಳೆದು ಫೋಟೋ ಕಳಿಸಬೇಕಂತೆ, ಆ ಕೆಲಸ ನಿನ್ನ ಬಿಟ್ಟು ಯಾರು ಮಾಡುತ್ತಾರೆ ಎಂದ. ಅಂಬಪ್ಪ ಗಾಡಿಯ ಹಿಂದಿನ ಕೆಂಪು ದೀಪ ಕಾಲುವೆಯ ತಿರುವಿನಲ್ಲಿ ಕಾಣದಾಗುವವರೆಗೆ ನಿಂತು ನೋಡಿದ.

ಭಾನುವಾರ ತೊಳೆದ ರೀತಿಯನ್ನು ತೊಳೆಯುವುದೆನ್ನಲಾಗದು, ಗೋಡೆಯ ಜೊತೆ ಜಗಳಾಡಿದ ಹಾಗಿತ್ತು. ಅಂಗೈ ಸುಲಿದವು, ಬ್ಲೀಚಿಂಗ್ ಹೊಗೆಗೆ ಕಣ್ಣಲ್ಲಿ ನೀರು ಸುರಿಯಿತು. ವಾಲ್ವ್ ಜಿನುಗುತ್ತದೆಯೆಂಬ ಅನುಮಾನಕ್ಕೆ ಈ ಸಲ ಒಳಬರುವ ಪೈಪನ್ನೇ ಬಿಚ್ಚಿ, ಬಾಯಿಗೆ ಗೋಣಿತಟ್ಟು ತುರುಕಿ ಕಟ್ಟಿದ. ನೆಲವನ್ನು ಅರಿವೆಯಿಂದ ಒರಸಿದ. ಹನಿ ನೀರಿಲ್ಲದ ಹಾಗೆ ಮಾಡಿ ಮೇಲೆ ಬಂದು ಮನೆಯಲ್ಲಿ ಒಬ್ಬನೇ ಬಿದ್ದುಕೊಂಡ. ನಡುನಡುವೆ ಪಾರ್ವತೆಮ್ಮನ ಫೋನು ಬಂತು. ಕೈಗೆ ಸಲಾಯಿನ್ ಏರಿಸುತ್ತಲೇ ಇದ್ದಾರೆ, ಭೇದಿ ನಿಲ್ಲುತ್ತಲೇ ಇಲ್ಲ, ಔಷಧಿ ಹತ್ತಲೊಲ್ಲದು ಯಾಕೆಂದು ಡಾಕ್ಟರಿಗೂ ತಿಳಿಯದು ಎಂದಳು. ನೀರು ಕೊಡುತ್ತಿದ್ದೀಯಲ್ಲ ಎಂದು ಅಂಬಪ್ಪ ಕೇಳಿದ. ಓಆರ್ಎಸ್ ಪುಡಿ ಕಲಸಿ ತಾಸಿಗೊಮ್ಮೆ ಕುಡಿಸುತ್ತಿದ್ದೇನೆ ಎಂದಳು.

ಸೋಮವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಚ್ಚಳದ ಬಳಿ ಬಗ್ಗಿ ನೋಡಿದ. ತಳದಲ್ಲಿ ನೀರು ಮಿನುಗಿತು.

ಮೊದಲಿಗೆ ಅವನಿಗೆ ಅದು ನೀರೆಂದೇ ನಂಬಿಕೆಯಾಗಲಿಲ್ಲ. ಏಣಿ ಇಳಿದ. ಪಾದ ಮುಳುಗಿತು, ಹಿಮ್ಮಡಿಯ ಮೇಲಕ್ಕೆ ಬಂತು. ಪೈಪಿನ ಬಾಯಿ ನೋಡಿದ, ಗೋಣಿತಟ್ಟು ಒಣಗಿ ಗರಿಗರಿಯಾಗಿತ್ತು. ಮಳೆ ಬಂದಿಲ್ಲ. ಮತ್ತೆ ಎಲ್ಲಿಂದ ಬಂತು? ಮೊಬೈಲಿನ ಟಾರ್ಚು ಹಚ್ಚಿಕೊಂಡು ಗಂಗಾಧರನ ಗದ್ದೆಯ ಕಡೆಯ ಗೋಡೆಗೆ ಬೆಳಕು ಬಿಟ್ಟ. ಗೋಡೆ ನೆಲ ಕೂಡುವ ಮೂಲೆಯಲ್ಲಿ, ಕುರ್ಪಿಯಿಂದ ತಾನೇ ಕೆರೆದು ಚೊಕ್ಕ ಮಾಡಿದ ಸಂದಿಯಲ್ಲಿ, ನೀರು ಸಣ್ಣಗೆ ಬುಗ್ಗೆಯಾಗಿ ಏಳುತ್ತಿತ್ತು. ಅದರ ಬದಿಗೆ ಸಂದಿಯಿಂದ ಅರ್ಧ ಹೊರಬಂದ ಎರೆಹುಳು ಒಂದು ಬಾಲ ಆಡಿಸುತ್ತಿತ್ತು.

ಅಂಬಪ್ಪ ಕೈ ಒಡ್ಡಿದ. ಅಂಗೈಗೆ ತಣ್ಣನೆಯ ನೀರು ಒತ್ತಿ ಒತ್ತಿ ತಾಗಿತು. ಕೈಯನ್ನು ಮೂಗಿಗೆ ಹಿಡಿದ. ಬ್ಲೀಚಿಂಗಿನ ವಾಸನೆಯ ಅಡಿಯಲ್ಲಿ ಚರಂಡಿಯ ನಾತ ಸ್ಪಷ್ಟವಾಗಿತ್ತು. ಏಣಿ ಹತ್ತುವಾಗ ಕಾಲು ಎರಡು ಸಲ ಜಾರಿತು, ಕಾಂಕ್ರೀಟಿನೊಳಗೆ ಫೋನಿಗೆ ಸಿಗ್ನಲ್ ಇಲ್ಲವೆಂದು ಗೊತ್ತಿದ್ದರೂ ಏಣಿಯ ಮೇಲಿಂದಲೇ ಜುಲ್ಫಿಕರನ ನಂಬರು ಒತ್ತುತ್ತಿದ್ದ.

ಹೊರಗೆ ಬಂದ ಮೇಲೆ ಫೋನು ಹತ್ತಿತು.

“ಸರ, ಸಂಪಿನ್ಯಾಗ ನೀರ ಬರಾಕತ್ತಾವ. ಪೈಪ್ ಬಿಚ್ಚಿಟ್ಟೀನಿ. ಗ್ವಾಡಿ ನೆಲ ಕೂಡೋ ಸಂದ್ಯಾಗಿಂದ ಬರಾಕತ್ತಾವ.”

ಜುಲ್ಫಿಕರ್ ಕೇಳಿದ, “ಅಲ್ಲಿ ಸಂದ್ಯಾಗ ಕರ್ರಗ ರಬ್ಬರ್ ಹಂಗ ತುಂಬಿರ್ತದಲ್ಲ, ಸೀಲೆಂಟ್. ಅದು ಹೆಂಗೈತಿ ನೋಡು. ಕಿತ್ತು ಬಂದೈತೇನು?”

ಅಂಬಪ್ಪನಿಗೆ ಬಕೀಟು, ಕುರ್ಪಿ, ತಿಪ್ಪೆ ಎಲ್ಲ ಕಣ್ಣ ಮುಂದೆ ಬಂದವು.

“ಅದನ್ನ ನಾನ ಕೆರದು ತಗದೀನ್ರಿ,” ಎಂದ. “ಹೊಲಸ ಅಂತ ತಿಳಕೊಂಡಿದ್ದೆ.”

ಜುಲ್ಫಿಕರ್ ಬೈಯಲಿಲ್ಲ. ಬೈದಿದ್ದರೆ ಅಂಬಪ್ಪನಿಗೆ ಹಗುರಾಗುತ್ತಿತ್ತೇನೋ. ಔಷಧಿ ನೀರಿಗೆ ಆ ಸೀಲೆಂಟ್ ವರ್ಷ ವರ್ಷ ಹಾಳಾಗುತ್ತದೆ, ಬಂದು ನೋಡಿ ಹೊಸದು ತುಂಬಿಸಬೇಕಾದವರು ತಾವು, ನೋಡಲಿಲ್ಲ ಎಂದು ಅವನೇ ಮೆಲ್ಲಗೆ ಒಪ್ಪಿಕೊಂಡ. ಆಮೇಲೆ ಬಿಡಿಸಿ ಹೇಳಿದ. ಸಂಪು ತುಂಬಿದ್ದಾಗ ಒಳಗಿನ ನೀರಿನ ಭಾರ ಹೊರಗಿನದನ್ನು ಬರಗೊಡುವುದಿಲ್ಲ, ಅದಕ್ಕೇ ಬುಧವಾರ ತಾನು ಹಿಡಿದ ನೀರು ಸರಿಯಿತ್ತು. ಖಾಲಿ ಮಾಡಿ ಬಿಟ್ಟರೆ ಗದ್ದೆಯ ನೀರು ಸಂದಿಯಿಂದ ಒಳಕ್ಕೆ ನುಗ್ಗುತ್ತದೆ. ಅದರ ಮೇಲೆ ಹೊಸ ನೀರು ತುಂಬಿ, ಔಷಧಿಯನ್ನೂ ಹಾಕದೆ ಬಿಟ್ಟರೆ, ಚರಂಡಿಯನ್ನೇ ನಳಕ್ಕೆ ಬಿಟ್ಟ ಹಾಗೆ.

“ಗದ್ದ್ಯಾಗ ನೀರ ನಿಂತ ಮ್ಯಾಲ ಎಷ್ಟ ಸಲ ಖಾಲಿ ಮಾಡೀದಿ ಅಂಬಪ್ಪ?”

ಅಮಾವಾಸ್ಯೆಗೆ ಒಂದು. ಗುರುವಾರ ಒಂದು. ನಿನ್ನೆಯದು ಮೂರನೆಯದು. ಗುರುವಾರದ್ದು ಎಂದ ಕೂಡಲೇ ಅವನಿಗೆ ಶುಕ್ರವಾರ ಬೆಳಗಿನ ಕ್ಯಾನು ನೆನಪಾಯಿತು. ಫೋನಿನಲ್ಲಿ ಜುಲ್ಫಿಕರ್ ತಾನು ಈಗಲೇ ಹೊರಡುತ್ತೇನೆ, ಬರುವ ತನಕ ಯಾರಿಗೂ ಆ ವಾಲ್ವ್ ಮುಟ್ಟಗೊಡಬೇಡ ಎನ್ನುತ್ತಿದ್ದುದು ಅವನ ಕಿವಿಗೆ ದೂರದಿಂದ ಬಂದ ಹಾಗಿತ್ತು.

ಪಾರ್ವತೆಮ್ಮನಿಗೆ ಫೋನು ಮಾಡಿದ. ಅವಳ ಫೋನು ಬಂದ್ ಆಗಿತ್ತು. ಮತ್ತೆ ಮಾಡಿದ, ಮತ್ತೆ ಬಂದ್. ಎರಡು ರಾತ್ರಿಯಿಂದ ದವಾಖಾನೆಯಲ್ಲಿ ಕೂತವಳು ಎಲ್ಲಿ ಚಾರ್ಜು ಮಾಡಿಕೊಂಡಾಳು? ಮಲ್ಲೇಶನಿಗೆ ಮಾಡಿದ. ಅವನು ಬಟ್ಟೆಬರೆ ತರಲು ಬೆಳಗಿನ ಬಸ್ಸಿಗೆ ಮಸ್ಕಿಗೆ ಹೋಗಿದ್ದ. ವಾರ್ಡಿನಲ್ಲಿ ಬೇರೆ ಯಾರ ನಂಬರೂ ಇಲ್ಲ. ತಾಸಿಗೊಮ್ಮೆ ಕುಡಿಸುತ್ತಿದ್ದೇನೆ ಎಂದಿದ್ದಳು. ಶನಿವಾರ ರಾತ್ರಿಯಿಂದ ಈ ಹೊತ್ತಿನವರೆಗೆ ತಾಸಿಗೊಮ್ಮೆ. ಡಾಕ್ಟರು ಒಂದು ಕೈಯಿಂದ ಉಳಿಸುತ್ತಿದ್ದಾರೆ, ತನ್ನ ಕ್ಯಾನು ಇನ್ನೊಂದು ಕೈಯಿಂದ ಮಗಳನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಎಳೆಯುತ್ತಿದೆ. ಅಂಬಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೈಕಿನ ಕಡೆ ಓಡಿದ.

ಆಗಲೇ ಗಂಗಾಧರ ಬಂದ. ಅವನ ಹಿಂದೆ ಹತ್ತು ಹನ್ನೆರಡು ಹೆಂಗಸರು, ಎಲ್ಲರ ಸೊಂಟದಲ್ಲೂ ಖಾಲಿ ಕೊಡ. ನಿನ್ನೆಯಿಂದ ನಳದಲ್ಲಿ ಹನಿ ಬಿದ್ದಿಲ್ಲ, ಮಲಗಿದ ಮಂದಿಯ ಬಟ್ಟೆ ತೊಳೆಯಲೂ ನೀರಿಲ್ಲ, ಮೊದಲು ಪೈಪು ಜೋಡಿಸಿ ವಾಲ್ವ್ ಬಿಡು ಎಂದು ಗಂಗಾಧರ ದೂರದಿಂದಲೇ ಹೇಳುತ್ತ ಬಂದ. ಅಂಬಪ್ಪ ಸುಮ್ಮನೆ ನಿಂತುದನ್ನು ಕಂಡು ತಾನೇ ಗೋಣಿತಟ್ಟಿಗೆ ಕೈ ಹಾಕಿದ. ಅವನು ಕೆಟ್ಟವನಲ್ಲ, ನೀರಿನ ಸಲುವಾಗಿ ಬೆಳಗಿನಿಂದ ಮನೆಮನೆಯವರ ಬೈಗುಳ ತಿಂದು ಬಂದಿದ್ದ.

ಅಂಬಪ್ಪನ ತಲೆಯಲ್ಲಿ ಏನೇನೋ ಓಡಿತು. ಮೋಟಾರು ಸುಟ್ಟಿದೆ ಎನ್ನಬಹುದು. ಪೈಪಿನ ವಾಷರು ಹರಿದಿದೆ, ತರಲು ಸಿಂಧನೂರಿಗೆ ಹೊರಟೆ ಎನ್ನಬಹುದು. ನಂಬುತ್ತಾರೆ ಕೂಡ. ಆದರೆ ತಾನು ಆ ತಿರುವು ದಾಟುವುದರೊಳಗೆ ಗಂಗಾಧರ ಯಾರನ್ನಾದರೂ ಕರೆಸಿ ಜೋಡಿಸಿಯೇ ಬಿಡುತ್ತಾನೆ. ಇಲ್ಲೇ ಕಾದು ಕೂತರೆ ಅಲ್ಲಿ ಇನ್ನೊಂದು ಲೋಟ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮಾತ್ರ ಯಾರೂ ವಾಲ್ವ್ ಮುಟ್ಟುವುದಿಲ್ಲ. ಹೇಳಿದರೆ ಇವರು ತನ್ನನ್ನು ಏನು ಮಾಡುತ್ತಾರೋ ಎಂಬ ಅಂಜಿಕೆಯೂ ಇತ್ತು.

“ಬಿಡಬ್ಯಾಡ್ರಿ,” ಎಂದ. “ಗದ್ದಿ ನೀರ ಒಳಗ ಬರಾಕತ್ತೈತಿ. ಚರಂಡಿ ನೀರ. ಸಂದ್ಯಾಗ ತಡ್ಯಾಕ ಹಾಕಿದ್ದು ಇತ್ತು, ಅದನ್ನ ನಾ ಹೊಲಸಂತ ಕೆರದು ಚೆಲ್ಲೀನಿ. ಊರ ಮಂದಿ ಮಲಗಿದ್ದು ನನ್ನಿಂದ.”

ಗಂಗಾಧರ ಗೋಣಿತಟ್ಟಿನಿಂದ ಕೈ ತೆಗೆದು, ತಿರುಗಿ ತನ್ನ ಗದ್ದೆಯನ್ನೂ ಅದರೊಳಗೆ ಬಿದ್ದ ಚರಂಡಿಯನ್ನೂ ನೋಡಿದ. ಹೆಂಗಸರ ನಡುವಿನಿಂದ ಗಾಳೆಮ್ಮ ಮುಂದೆ ಬಂದಳು. ಅವಳ ಗಂಡ ಗದ್ದೆಪ್ಪ ನಾಲ್ಕು ದಿನದಿಂದ ಸಾಲೆಯಲ್ಲಿ ಮಲಗಿದ್ದ, ಎದ್ದು ಕೂಡಲು ಆಗುತ್ತಿರಲಿಲ್ಲ.

“ನೀ ತೊಳದ ದಿನದ ನೀರಂತ ನಾನ ಎರಡು ಕೊಡ ಹೆಚ್ಚಿಗಿ ತುಂಬಿ ಕುಡಿಸೀನೆಪ ಅವಗ,” ಎಂದಳು. ಬೈದಂತೆಯೂ ಇರಲಿಲ್ಲ, ಅತ್ತಂತೆಯೂ ಇರಲಿಲ್ಲ. ಕೊಡವನ್ನು ನೆಲಕ್ಕಿಟ್ಟು ಮುಚ್ಚಳದ ಪಕ್ಕದಲ್ಲೇ ಕೂತುಬಿಟ್ಟಳು. ಇನ್ನು ಆ ಸಂಪನ್ನು ಯಾರೂ ಮುಟ್ಟುವುದಿಲ್ಲವೆಂಬುದು ಅಂಬಪ್ಪನಿಗೆ ತಿಳಿಯಿತು. ಮಗಳಿಗೂ ಅದೇ ನೀರು ಕೊಟ್ಟಿದ್ದೇನೆ, ಹೋಗಲು ಬಿಡಿ ಎಂದು ಕೈ ಮುಗಿದ. ಯಾರೂ ಹೋಗು ಎನ್ನಲಿಲ್ಲ, ಯಾರೂ ತಡೆಯಲೂ ಇಲ್ಲ.

ಸಿಂಧನೂರಿಗೆ ಹದಿನಾಲ್ಕು ಕಿಲೋಮೀಟರು. ಕಾಲುವೆಯ ಪಕ್ಕದ ರಸ್ತೆ, ಎರಡೂ ಬದಿಗೆ ಹಸಿರು, ನೀರು, ಎಲ್ಲ ಕಡೆ ನೀರೇ. ಅಂಬಪ್ಪ ಆ ಕಡೆ ನೋಡಲಾರದೆ ಎದುರಿನ ಡಾಂಬರಿಗೆ ಕಣ್ಣು ನೆಟ್ಟು ಬೈಕು ಓಡಿಸಿದ. ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳ ಕೆಸರು ಬಿದ್ದು ದಾರಿ ಜಾರುತ್ತಿತ್ತು. ಎರಡು ಸಲ ನಿಲ್ಲಿಸಿ ಫೋನು ಮಾಡಿದ, ಬಂದ್ ಆಗಿಯೇ ಇತ್ತು. ಈಗ ಎಂಟು ಗಂಟೆ, ಎಂಟಕ್ಕೆ ಒಂದು ಲೋಟ ಕೊಟ್ಟಿರುತ್ತಾಳೆ. ಒಂಬತ್ತಕ್ಕೆ ಮತ್ತೆ ಕೊಡುತ್ತಾಳೆ. ಅಷ್ಟರೊಳಗೆ ಮುಟ್ಟಬೇಕು. ಕುಷ್ಟಗಿ ರಸ್ತೆಯ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ನಿಂತು ದಾರಿ ಬಿಡದಿದ್ದಾಗ, ಬೈಕನ್ನು ಅಲ್ಲೇ ಅಂಗಡಿಯ ಮುಂದೆ ಕೆಡವಿ ಓಡಿದ. ಐವತ್ತು ದಾಟಿದ ಮನುಷ್ಯ ಹಾಗೆ ಓಡುವುದನ್ನು ಜನ ನಿಂತು ನೋಡಿದರು.

ಹೆಣ್ಣುಮಕ್ಕಳ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದಳು. ಎಕ್ಕಿಹಾಳದ ಅಂಬಿಕಾಳ ತಂದೆ ಎಂ‌ದದ್ದಕ್ಕೆ ಅವಳ ಮುಖ ಬಿಗಿಯಾಯಿತು. ಕೂಸಿನ ಎದೆಬಡಿತ ಬೆಳಿಗ್ಗೆ ಸಿಕ್ಕಿದೆ, ಆದರೆ ಹುಡುಗಿ ಬಹಳ ಸೋತಿದ್ದಾಳೆ, ನಿನ್ನೆ ಸಂಜೆ ಕಡಿಮೆಯಾದದ್ದು ರಾತ್ರಿ ಮತ್ತೆ ಶುರುವಾಗಿದೆ, ಮಧ್ಯಾಹ್ನದೊಳಗೆ ನಿಲ್ಲದಿದ್ದರೆ ರಾಯಚೂರಿಗೆ ಕಳಿಸುವವರಿದ್ದಾರೆ ಎಂದಳು. ಅಂಬಪ್ಪ ಆ ಮಾತು ಮುಗಿಯುವ ತನಕ ನಿಲ್ಲಲಿಲ್ಲ.

ಕೊನೆಯ ಮಂಚದಲ್ಲಿ ಅಂಬಿಕಾ ಗೋಡೆಗೆ ಒರಗಿ ಕೂತಿದ್ದಳು. ಹೊಟ್ಟೆಯೊಂದು ಬಿಟ್ಟರೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಪಾರ್ವತೆಮ್ಮ ಸ್ಟೀಲಿನ ಲೋಟದಲ್ಲಿ ಪುಡಿ ಕಲಸಿ, ಮಗಳ ಗದ್ದಕ್ಕೆ ಕೈ ಕೊಟ್ಟು, ಲೋಟವನ್ನು ತುಟಿಯ ಹತ್ತಿರ ತಂದಿದ್ದಳು. ಅಂಬಪ್ಪ ಹಾರಿಹೋಗಿ ಆ ಕೈಯನ್ನು ಹಿಡಿದ. ನೀರು ಹಾಸಿಗೆಯ ಮೇಲೆ ಚೆಲ್ಲಿತು.

ಪಾರ್ವತೆಮ್ಮನಿಗೆ ಏನೂ ಅರ್ಥವಾಗಲಿಲ್ಲ. ಗಂಡನ ಅವತಾರ ನೋಡಿ, ಹೊರಗಿನ ನೀರು ಕುಡಿಸುತ್ತಿದ್ದೇನೆಂದು ಅವನಿಗೆ ಅನುಮಾನ ಬಂದಿರಬೇಕೆಂದು ತಿಳಿದು, ಮಂಚದ ಕೆಳಗಿನ ಕ್ಯಾನನ್ನು ಎಳೆದು ತೋರಿಸಿದಳು. ಅದರ ತಳದಲ್ಲಿ ಇನ್ನೊಂದೆರಡು ಲೋಟದಷ್ಟು ಉಳಿದಿತ್ತು.

“ನಮ್ಮ ನೀರ ಅದು. ಬಾಜೂಕಿನವರು ಬಾಟ್ಲಿ ನೀರ ಕೊಡಾಕ ಬಂದಿದ್ರು, ನಾ ಇಸಗೊಳ್ಳಿಲ್ರಿ. ಆಣಿ ಮಾಡಿದ್ನೆಲ್ಲ.”

ಅಂಬಪ್ಪ ಕ್ಯಾನನ್ನು ಎತ್ತಿಕೊಂಡು ಹೋಗಿ ಮೋರಿಗೆ ಬಗ್ಗಿಸಿದ. ಬರಿದಾದ ಮೇಲೂ ಅದನ್ನು ಬೋರಲಾಗಿ ಹಿಡಿದೇ ನಿಂತಿದ್ದ. ಆಮೇಲೆ ಗೇಟಿನ ಅಂಗಡಿಗೆ ಓಡಿಹೋಗಿ ಎರಡು ಬಾಟಲಿ ನೀರು ತಂದ. ಅಷ್ಟರಲ್ಲಿ ಪಾರ್ವತೆಮ್ಮ ಎದ್ದು ನಿಂತು, ಇವನಿಗೇನಾಯಿತೋ ಎಂದು ಪಕ್ಕದ ಮಂಚದವರ ಮುಖ ನೋಡುತ್ತಿದ್ದಳು. ಅಂಬಪ್ಪ ಒಂದು ಬಾಟಲಿಯನ್ನು ಮಗಳ ಮುಂದೆ ಹಿಡಿದ.

ಅಂಬಿಕಾ ತಲೆಯಾಡಿಸಿದಳು. ತುಟಿ ಅಂಟಿಕೊಂಡು ಮಾತು ನಿಧಾನವಾಗಿ ಹೊರಟಿತು.

“ಇದು ಬ್ಯಾಡಪ್ಪ. ಊರ ಮಂದಿ ನಿನಗ ಆಡಿಕೋತಾರ. ನಮ್ಮ ನೀರ ಕೊಡು.”

ಊರ ಮುಂದೆ ಅಂಜುತ್ತಲೇ ಹೇಳಿದ್ದ. ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತ. ಮಗಳ ಪಾದ ಅವನ ಮುಖದ ಹತ್ತಿರವಿತ್ತು, ಹಿಮ್ಮಡಿ ಬಿಳಿಚಿಕೊಂಡು ಸುಕ್ಕಾಗಿತ್ತು. ಆ ಪಾದ ನೋಡುತ್ತಲೇ ಹೇಳಿದ.

“ನಮ್ಮ ನೀರಾಗ ಚರಂಡಿ ಕೂಡೈತವ್ವ. ನಾನ ಕೂಡಿಸೀನಿ, ನನಗ ತಿಳೀಲಿಲ್ಲ. ನಿನಗ ಆಗಿದ್ದು ಆ ಕ್ಯಾನಿನ ನೀರಿಂದ. ಶುಕ್ರವಾರ ನಾನ ಹಿಡಕೊಂಡು ಬಂದಿದ್ದೆ.”

ಮೂರು ದಿನ ತನ್ನ ಕೈಯಾರೆ ಕುಡಿಸಿದ್ದೇನೆಂಬುದು ಪಾರ್ವತೆಮ್ಮನಿಗೆ ಆಗ ಹೊಳೆಯಿತು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಕ್ಕದ ಮಂಚದ ಹೆಂಗಸು ಮುಖ ಆ ಕಡೆ ತಿರುಗಿಸಿದಳು. ಅಂಬಪ್ಪ ತಲೆಯೆತ್ತಿದ. ಮಗಳು ಬೈದಾಳು, ಅತ್ತಾಳು, ಕೈಗೆ ಸಿಕ್ಕಿದ್ದನ್ನು ಎಸೆದಾಳು ಎಂದು ಕಾದ. ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಇನ್ನೊಂದನ್ನು ಬಾಟಲಿಗೆ ನೀಡಿದಳು.

ಅಂಬಪ್ಪ ಬಾಟಲಿಯ ಮುಚ್ಚಳ ತಿರುವಿ ಕೊಟ್ಟ. ಅಂಬಿಕಾ ಅದನ್ನು ಕುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದು ವಾಸನೆ ನೋಡಿದಳು. ಬೆಳಕಿಗೆ ಎತ್ತಿ ಹಿಡಿದು ಒಳಗೆ ನೋಡಿದಳು. ಆಮೇಲೆ ಅಪ್ಪನನ್ನು ದಾಟಿ ಅವ್ವನ ಕಡೆ ತಿರುಗಿದಳು.

“ಇದನ್ನ ಕುಡೀಲೇನವ್ವ?” ಎಂದು ಕೇಳಿದಳು.